ದೊಡ್ಡಲಕ್ಷ್ಮಮ್ಮನ ತೋಟದ ಕುದುರೆದಾರಿ

ಕೆಂಪರಾಜು ಐವತ್ತು ದಾಟಿದ ಆಳು. ರಾಮನಗರ, ಚನ್ನಪಟ್ಟಣ ಬಿಟ್ಟರೆ ಮೈಸೂರು, ತಿರುಪತಿ, ಇಷ್ಟೇ ಅವನು ಕಂಡ ಊರುಗಳು. ಆದರೆ ಮಂಗೋಲಿಯಾದಲ್ಲಿ ಕುದುರೆ ಹತ್ತಿ ಮೂರು ದಿನ ಹೋದರೂ ಒಂದು ಬೇಲಿ ಅಡ್ಡ ಬರುವುದಿಲ್ಲ ಎಂಬುದು ಅವನಿಗೆ ಗೊತ್ತು. ಐಸ್‌ಲ್ಯಾಂಡಿನ ಕುದುರೆ ನೋಡಲು ಗಿಡ್ಡ, ಅದರ ಮೇಲೆ ಕೂತು ಓಡಿಸಿದರೂ ಕೈಯಲ್ಲಿನ ಕಾಫಿ ಚೆಲ್ಲುವುದಿಲ್ಲ ಎಂಬುದೂ ಗೊತ್ತು. ಅರ್ಜೆಂಟೀನಾದವರು ಜೀನಿನ ಮೇಲೆ ಕುರಿಯ ಚರ್ಮ ಹಾಸಿಕೊಂಡು ಕೂರುತ್ತಾರೆ. ಇದೆಲ್ಲ ಅವನಿಗೆ ಹೇಳಿದವರು ಕುದುರೆ ಸವಾರಿಗೆ ಬರುವ ಅತಿಥಿಗಳು. ಕೈಲಾಂಚ ಹೋಬಳಿಯ ಅಂಚಿನಲ್ಲಿರುವ ದೇವರಾಜನ ಕುದುರೆ ಫಾರ್ಮಿನಲ್ಲಿ ಹದಿನಾಲ್ಕು ವರ್ಷದಿಂದ ಸವಾರಿಯ ಸಾಲಿನ ಮುಂದೆ ಹೋಗುವವನು ಕೆಂಪರಾಜು. ಹಿಂದೆ ಬರುವವರು ತಾವು ಎಲ್ಲೆಲ್ಲಿ ಕುದುರೆ ಹತ್ತಿದ್ದೇವೆ ಎಂದು ದಾರಿಯುದ್ದಕ್ಕೂ ಹೇಳುತ್ತಲೇ ಇರುತ್ತಾರೆ.

ಎಲ್ಲ ಕೇಳಿಸಿಕೊಂಡು ಅವನು ಕೇಳುವುದು ಒಂದೇ ಪ್ರಶ್ನೆ. "ಅಲ್ಲಿ ದಾರಿ ಯಾರ ಜಮೀನ್ಮೇಲೆ ಹೋಯ್ತದೆ ಸಾ?"

ಇದಕ್ಕೆ ಉತ್ತರ ಹೇಳಿದವರು ಇಲ್ಲಿಯವರೆಗೆ ಒಬ್ಬರೂ ಇಲ್ಲ. ಏಳು ಸಾವಿರ ಮೈಲಿ ಹಾರಿ ಹೋಗಿ, ವಾರಗಟ್ಟಲೆ ಒಬ್ಬರ ಹೊಲದ ಮೇಲೆ ಕುದುರೆ ಓಡಿಸಿ ಬಂದವರಿಗೆ ಆ ಹೊಲ ಯಾರದೆಂದು ಕೇಳಬೇಕು ಅನ್ನಿಸಿಯೇ ಇಲ್ಲವಲ್ಲ ಎಂದು ಕೆಂಪರಾಜುವಿಗೆ ಆಶ್ಚರ್ಯ. ಕೆಲವರು ನಕ್ಕರು. ಒಬ್ಬರು, "ಅದೆಲ್ಲ ನೇಚರ್ ಅಣ್ಣಾ," ಅಂದರು. ಅಂದಿನಿಂದ ಅವನಿಗೆ ಆ ಪದ ಕೇಳಿದರೆ ಮೈ ಉರಿಯುತ್ತದೆ.

ಕುದುರೆಯ ಕೆಲಸ ಅವನಿಗೆ ಹತ್ತಿದ್ದು ಚನ್ನಪಟ್ಟಣದಲ್ಲಿ. ಹದಿನೆಂಟು ತುಂಬಿದ ವರ್ಷ, ಪಿಯುಸಿ ಫೇಲಾಗಿ ಮನೆಯಲ್ಲಿ ಮುಖ ತೋರಿಸಲಾಗದೆ, ರೈಲ್ವೆ ಸ್ಟೇಷನ್ನಿನ ಮುಂದೆ ಜಟಕಾ ಹೊಡೆಯುತ್ತಿದ್ದ ಪೀರ್ ಸಾಬ್ ಅವರ ಹತ್ತಿರ ಸೇರಿಕೊಂಡ. ಪೀರ್ ಸಾಬ್ ಕುದುರೆಗೆ ಚಾಟಿ ಮುಟ್ಟಿಸಿದ್ದನ್ನು ಅವನು ಎಂದೂ ನೋಡಲಿಲ್ಲ. ಬಾಯಲ್ಲೇ ಎಲ್ಲ. ಎಡಕ್ಕೆ ತಿರುಗು, ನಿಲ್ಲು, ಹುಷಾರು, ಮುಂದೆ ಹಳ್ಳ ಇದೆ. ಅದೇ ರಸ್ತೆ, ಅದೇ ಹಳ್ಳ, ದಿನಕ್ಕೆ ಹತ್ತು ಸಲ ಅದೇ ಮಾತು. ಕೆಂಪರಾಜು ಒಂದು ದಿನ ತಡೆಯಲಾರದೆ, "ಅದ್ಕೆ ಗೊತ್ತಾಗೈತಲ್ಲ ಸಾಬ್ರೇ, ಯಾಕೆ ಬಾಯಿ ನೋಯಿಸ್ಕೊತೀರಾ," ಅಂದ. ಮುದುಕ ಲಗಾಮು ಬಿಡದೆ ಹೇಳಿದ್ದು ಇಷ್ಟು. "ನಿನ್ನೆ ಹೇಳಿದೀನಿ ಅಂತ ಇವತ್ತು ಸುಮ್ನೆ ಇದ್ರೆ, ಇವತ್ತೇ ಹಳ್ಳಕ್ಕೆ ಬೀಳೋದು ಕಣೋ."

ಆಟೋಗಳು ಬಂದವು, ಜಟಕಾ ಹೋಯಿತು. ಕೆಂಪರಾಜು ಕುಣಿಗಲ್ ಕಡೆಯ ಒಂದು ಕುದುರೆ ಸಾಕಣೆಯ ಜಾಗದಲ್ಲಿ ಹದಿನೈದು ವರ್ಷ ಮರಿಗಳನ್ನು ಪಳಗಿಸಿದ. ಕುದುರೆಗೆ ಹೇಳಿದ್ದನ್ನೇ ಸಾವಿರ ಸಲ ಹೇಳುವ ತಾಳ್ಮೆ ಅಲ್ಲಿ ಗಟ್ಟಿಯಾಯಿತು. ಮನುಷ್ಯರ ವಿಷಯದಲ್ಲಿ ಆ ತಾಳ್ಮೆ ಎರಡನೇ ಸಲಕ್ಕೇ ಮುಗಿಯುತ್ತಿತ್ತು. ಅವನ ಹೆಂಡತಿ ಅಂಬುಜಮ್ಮ, "ನಾನೂ ನಾಕು ಕಾಲಲ್ಲಿ ಓಡಾಡಿದ್ರೆ ಒಸಿ ಮೆತ್ತಗೆ ಮಾತಾಡ್ಸೀರೇನೋ," ಎಂದು ಈಗಲೂ ಹಂಗಿಸುತ್ತಾಳೆ.

ಆಮೇಲೆ ದೇವರಾಜ ಕರೆದ. ರಾಮನಗರದವನು, ಇಂಜಿನಿಯರಿಂಗ್ ಓದಿದವನು, ಕುದುರೆಯ ಹುಚ್ಚಿನವನು. ತಾಯಿಯ ಕಡೆಯ ಜಮೀನಿನಲ್ಲಿ ಲಾಯ ಕಟ್ಟಿ ಹದಿನೈದು ಕುದುರೆ ತಂದ. ಅವುಗಳಿಗೆಲ್ಲ ಇಂಗ್ಲಿಷ್ ಹೆಸರು. ಸ್ಕಾರ್ಲೆಟ್ ಎಂಬ ಕೆಂಪು ಹೆಣ್ಣುಕುದುರೆಯನ್ನು ಕೆಂಪರಾಜು ಮೊದಲ ದಿನವೇ ಕೆಂದಿ ಎಂದು ಕರೆದ, ಅದು ಕತ್ತೆತ್ತಿ ನೋಡಿತು, ಅಲ್ಲಿಗೆ ಸ್ಕಾರ್ಲೆಟ್ ಬೋರ್ಡಿನಲ್ಲಷ್ಟೇ ಉಳಿಯಿತು.

ಮೊದಮೊದಲು ಸವಾರಿ ಹೋಗುತ್ತಿದ್ದದ್ದು ಡಾಂಬರು ರಸ್ತೆಯ ಅಂಚಿನಲ್ಲಿ. ಕಲ್ಲು ಕ್ವಾರಿಯ ಲಾರಿಗಳು ಹಾರನ್ ಹೊಡೆದುಕೊಂಡು ಪಕ್ಕದಲ್ಲೇ ನುಗ್ಗುತ್ತಿದ್ದವು. ಒಂದು ಸಲ ಕುದುರೆ ಬೆದರಿ ಬೆಂಗಳೂರಿನ ಒಬ್ಬರು ಬಿದ್ದು ಭುಜ ಮುರಿದುಕೊಂಡರು. ಅದಾದ ಮೇಲೆ ಕೆಂಪರಾಜು ಎರಡು ತಿಂಗಳು ಮನೆಮನೆ ಸುತ್ತಿದ. ಈ ಬದುವಿನ ಮೇಲೆ ಬಿಡಿ, ಆ ಓಣಿಯಲ್ಲಿ ಬಿಡಿ ಎಂದು ಕೈಮುಗಿದ. ತುಂಡು ತುಂಡಾಗಿ ದಾರಿ ಸಿಕ್ಕಿತು. ನಡುವಿನ ದೊಡ್ಡ ತುಂಡು ದೊಡ್ಡಲಕ್ಷ್ಮಮ್ಮನದು. ಅವರ ಹಿಪ್ಪುನೇರಳೆ ತೋಟದ ಮಧ್ಯೆ ಹಳೆಯ ಗಾಡಿಜಾಡು ಒಂದಿತ್ತು. ಎರಡೂ ಕಡೆ ಎದೆಮಟ್ಟದ ಸೊಪ್ಪು, ಅದನ್ನು ಹಾದು ಹೋದರೆ ನೇರ ಕೆರೆ ಏರಿ. ಡಾಂಬರನ್ನು ಮುಟ್ಟಬೇಕಾಗಿಯೇ ಇಲ್ಲ.

ದೊಡ್ಡಲಕ್ಷ್ಮಮ್ಮ ಒಂದು ವಾರ ಯೋಚಿಸಿ ಹೂಂ ಅಂದಿದ್ದರು. "ಸಾಲಾಗಿ ಬರ್ಬೇಕು. ಸೊಪ್ಪು ಮುಟ್ಟಂಗಿಲ್ಲ. ಕುದ್ರೆ ಮೈಗೆ ಔಷ್ದಿ ಗಿವ್ಷ್ದಿ ಹೊಡ್ಕೊಂಡು ಬರಂಗಿಲ್ಲ. ಈ ಮೂರು ನಡುಸ್ಕೊಟ್ರೆ ಬಾ ಕೆಂಪ್ರಾಜ."

ರೇಷ್ಮೆ ಸಾಕುವ ಮನೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಹುಳು ಮನೆಯಲ್ಲಿದ್ದಾಗ ಅವರು ಸೊಳ್ಳೆಬತ್ತಿ ಹಚ್ಚುವುದಿಲ್ಲ, ಹೊರಗಿನವರನ್ನು ಹುಳುಮನೆಯ ಹೊಸಿಲು ದಾಟಿಸುವುದಿಲ್ಲ. ನೊಣ ಸಾಯಿಸುವ ಔಷಧ ಸೊಪ್ಪಿನ ಮೇಲೆ ಒಂದಿಷ್ಟು ಕೂತರೂ ಸಾಕು, ಆ ಸೊಪ್ಪು ತಿಂದ ಹುಳು ತಲೆಯೆತ್ತಿ ಹಸಿರು ನೀರು ಕಕ್ಕಿ ಬೆಳಗಾಗುವುದರೊಳಗೆ ಸಾಯುತ್ತದೆ. ಅದೇ ಊರಿನ ಬೋರಲಿಂಗಯ್ಯನ ಬೆಳೆ ಹೀಗೇ ಹೋಗಿತ್ತು. ಪಕ್ಕದ ಟೊಮ್ಯಾಟೊ ಹೊಲಕ್ಕೆ ಹೊಡೆದ ಔಷಧ ಗಾಳಿಗೆ ಬಂದಿತ್ತು. ಆ ಎರಡು ಮನೆಯವರು ಒಬ್ಬರ ಮುಖ ಒಬ್ಬರು ನೋಡಿ ಒಂಬತ್ತು ವರ್ಷವಾಯಿತು.

ಹಾಗಾಗಿ ಕೆಂಪರಾಜು ಕುದುರೆಗಳಿಗೆ ಏನನ್ನೂ ಹೊಡೆಯುವುದಿಲ್ಲ. ಜಟಕಾ ಕುದುರೆಗೆ ಕಟ್ಟುತ್ತಿದ್ದ ಹಾಗೆ ಹಣೆಗೆ ದಾರದ ಕುಚ್ಚು ಕಟ್ಟುತ್ತಾನೆ, ಕೈಯಲ್ಲೊಂದು ಹೊಂಗೆ ಸೊಪ್ಪಿನ ರೆಂಬೆ ಹಿಡಿದು ಬೀಸುತ್ತಾನೆ. ಮಳೆಗಾಲದ ಕೊನೆಗೆ ನೊಣ ಮುತ್ತುವುದು ನಿಜ. ಅತಿಥಿಗಳಿಗೆ ಅದು ಕಣ್ಣಿಗೆ ಬೀಳುತ್ತದೆ. ಪಾಪದ ಕುದುರೆ, ಕ್ರೂರ ಜನ ಎಂದು ಯಾರೋ ಇಂಟರ್ನೆಟ್ಟಿನಲ್ಲಿ ಬರೆದರು. ದೇವರಾಜ ಹೆದರಿ ಹೊರದೇಶದ ಸ್ಪ್ರೇ ತರಿಸಿದ. ಕೆಂಪರಾಜು ಅದನ್ನು ಹುರುಳಿ ಡ್ರಮ್ಮಿನೊಳಗೆ ಹಾಕಿ ಬೀಗ ಜಡಿದು ಕೀಲಿಯನ್ನು ಉಡಿದಾರಕ್ಕೆ ಕಟ್ಟಿಕೊಂಡ.

ಬಂದವರಿಗೆಲ್ಲ ಹೇಳುತ್ತಿದ್ದ. ಮೊದಲ ವರ್ಷ ಹುಳುವಿನ ಕಥೆಯನ್ನು ಆಸ್ಥೆಯಿಂದ ಹೇಳಿದ. ಅವರು ಹೆಲ್ಮೆಟ್ ಹಾಕಿಕೊಂಡು ಫೋಟೊ ತೆಗೆಸಿಕೊಳ್ಳುತ್ತ ಹೂಂಗುಟ್ಟುತ್ತಿದ್ದರು. ಹೇಳಿ ಮುಗಿಸಿ ಬೆನ್ನು ತಿರುಗಿಸಿದರೆ ಒಬ್ಬಳು ಸೊಪ್ಪಿನ ಕೊಂಬೆ ಮುರಿದು ಕುದುರೆಯ ಬಾಯಿಗೆ ಇಡುತ್ತಿದ್ದಳು. ದೇವರಾಜನಿಗೆ, "ನೀವೇ ಇಂಗ್ಲಿಷ್ನಲ್ಲಿ ಹೇಳಿ ಸಾ, ನಿಮ್ಮಾತು ಕೇಳ್ತಾರೆ," ಅಂದ. ದೇವರಾಜ ಹಿಮ್ಮಡಿ ಕೆಳಗಿಡಿ, ಲಗಾಮು ಎಳೆಯಬೇಡಿ ಎಂದು ಹತ್ತು ನಿಮಿಷ ಭಾಷಣ ಮಾಡಿ, ಸೊಪ್ಪಿನ ಮಾತು ಬರುವ ಹೊತ್ತಿಗೆ ಫೋನು ಬಂತೆಂದು ಎದ್ದು ಹೋಗುತ್ತಿದ್ದ. ಪ್ರತಿ ಭಾನುವಾರ ಹೊಸ ಮುಖಗಳು, ಪ್ರತಿ ಭಾನುವಾರ ಮೊದಲಿನಿಂದ ಶುರು. ಹೇಳಿ ಹೇಳಿ ಕೆಂಪರಾಜುವಿನ ಬಾಯಿ ಸೋತಿತು. ಕಥೆ ನಾಲ್ಕು ಮಾತಿಗೆ ಇಳಿಯಿತು, ಆಮೇಲೆ ಎರಡಕ್ಕೆ. ಸೊಪ್ಪು ಮುಟ್ಟಬೇಡಿ. ಅಷ್ಟೇ.

ಕಳೆದ ಅಕ್ಟೋಬರಿನ ಒಂದು ಭಾನುವಾರ ಚೈತ್ರಾ ಬಂದಳು. ಬೆಂಗಳೂರಿನ ಬ್ಯಾಂಕೊಂದರಲ್ಲಿ ಕೆಲಸ, ಮೂವತ್ತೈದರ ಆಸುಪಾಸು. ರಜ ಸಿಕ್ಕಾಗಲೆಲ್ಲ ಒಂದು ದೇಶಕ್ಕೆ ಹೋಗಿ ಕುದುರೆ ಹತ್ತುತ್ತಾಳೆ, ಬಂದು ಅದನ್ನು ಬರೆಯುತ್ತಾಳೆ, ಅವಳು ಬರೆದದ್ದನ್ನು ಓದಿ ಸಾವಿರಾರು ಜನ ಅಲ್ಲಿಗೆ ಹೋಗುತ್ತಾರೆ. ದೇವರಾಜ ಮೂರು ದಿನದಿಂದ ನಿಂತಲ್ಲಿ ನಿಂತಿರಲಿಲ್ಲ. ಡಿಸೆಂಬರಿಗೆ ಹೊರದೇಶದ ಹನ್ನೆರಡು ಮಂದಿಯ ಗುಂಪೊಂದು ಬರುವುದು ಅವಳ ಬರವಣಿಗೆಯ ಮೇಲೆ ನಿಂತಿತ್ತು.

ಅವಳು ಜೀನಿಗೆ ಕೈಯಿಟ್ಟ ರೀತಿಯಲ್ಲೇ ಕೆಂಪರಾಜುವಿಗೆ ತಿಳಿಯಿತು, ಇವಳು ಕುದುರೆ ಬಲ್ಲವಳು ಎಂದು. ಹತ್ತುವ ಮುಂಚೆ ಕುದುರೆಯ ಮೂಗಿನ ಹತ್ತಿರ ಅಂಗೈ ಹಿಡಿದು ನಿಂತಳು. ಜೀನಿನ ಪಟ್ಟಿಯ ಕೆಳಗೆ ಬೆರಳು ತೂರಿಸಿ ನೋಡಿದಳು. ಕನ್ನಡದಲ್ಲೇ ಮಾತಾಡಿದಳು. ಬಹಳ ದಿನದ ಮೇಲೆ ಅವನಿಗೆ ಖುಷಿಯಾಯಿತು. ಆಗಲೇ ಅವಳು ಕುದುರೆಯ ಕಣ್ಣಂಚಿನ ನೊಣ ಓಡಿಸುತ್ತ ಕೇಳಿದಳು.

"ನೊಣಕ್ಕೆ ಏನೂ ಹಾಕಲ್ವಾ ಅಣ್ಣಾ?"

"ಹಾಕಂಗಿಲ್ಲ ಮೇಡಂ."

ಅಷ್ಟೇ ಹೇಳಿದ. ಯಾಕೆ ಎಂದು ಅವಳೂ ಕೇಳಲಿಲ್ಲ. ಆ ಒಂದು ದಿನ, ಕನ್ನಡ ಬಲ್ಲ, ಕುದುರೆ ಬಲ್ಲ, ಹೇಳಿದರೆ ಖಂಡಿತ ಕೇಳುತ್ತಿದ್ದ ಹೆಣ್ಣುಮಗಳ ಮುಂದೆ ಅವನ ಬಾಯಿ ಎರಡು ಮಾತಿಗೆ ನಿಂತಿತು. ಇದನ್ನು ನೆನೆದರೆ ಕೆಂಪರಾಜುವಿಗೆ ಈಗಲೂ ಹಣೆ ಚಚ್ಚಿಕೊಳ್ಳುವಂತಾಗುತ್ತದೆ.

ಐವರು ಸವಾರರು, ಮುಂದೆ ಕೆಂದಿಯ ಮೇಲೆ ಅವನು. ತೋಟದ ಓಣಿಗೆ ಇಳಿದಾಗ ಬಿಸಿಲು ಏರಿತ್ತು. ದೊಡ್ಡಲಕ್ಷ್ಮಮ್ಮನ ಹುಳು ನಾಲ್ಕನೇ ಜ್ವರ ಎದ್ದು ಮೂರು ದಿನವಾಗಿತ್ತು. ಜ್ವರ ಅಂದರೆ ಹುಳು ಮೇವು ಬಿಟ್ಟು ಪೊರೆ ಕಳಚುವ ಹೊತ್ತು. ನಾಲ್ಕನೆಯದು ಎದ್ದ ಮೇಲೆ ಹುಳು ಮೇಯುವುದನ್ನು ತಡೆಯುವವರಿಲ್ಲ, ಹುಳುಮನೆಯ ಹೊರಗೆ ನಿಂತರೂ ಸೊಪ್ಪು ಕಡಿಯುವ ಸದ್ದು ಮಳೆ ಬಿದ್ದ ಹಾಗೆ ಕೇಳಿಸುತ್ತದೆ. ದಿನಕ್ಕೆ ಮೂರು ಸಲ ಸೊಪ್ಪು ಬೇಕು. ಈ ಓಣಿಯ ಪಕ್ಕದ ಸಾಲುಗಳನ್ನೇ ಅವರು ಅಂದು ಸಂಜೆ ಕೊಯ್ಯುವುದಿತ್ತು.

ಓಣಿಯ ಅರ್ಧ ದಾರಿಯಲ್ಲಿ ಹಿಂದಿನಿಂದ ಸ್ಸ್, ಸ್ಸ್ ಎಂಬ ಸದ್ದು ಕೇಳಿ ಕೆಂಪರಾಜು ತಿರುಗಿ ನೋಡಿದ. ಚೈತ್ರಾ ಬಗ್ಗಿ ಕುದುರೆಯ ಎದೆಗೆ, ಕತ್ತಿಗೆ ಸ್ಪ್ರೇ ಹೊಡೆಯುತ್ತಿದ್ದಳು. ಅವಳದೇ ಬಾಟಲಿ, ಅವಳದೇ ಚೀಲದ್ದು. ಪಡುವಣ ಗಾಳಿಗೆ ಹನಿಗಳು ಬಿಸಿಲಲ್ಲಿ ಹೊಳೆಯುತ್ತ ಸೊಪ್ಪಿನ ಮೇಲೆ ಇಳಿಯುತ್ತಿದ್ದವು. ತನ್ನದು ಮುಗಿಸಿ ಹಿಂದಿನವನಿಗೆ ಬಾಟಲಿ ಕೊಟ್ಟಳು, ಅವನೂ ನಾಲ್ಕು ಸಲ ಒತ್ತಿದ. ಫಾರ್ಮಿನ ಸ್ಪ್ರೇಗೆ ಬೀಗ ಹಾಕಿದ್ದ ಕೆಂಪರಾಜುವಿಗೆ, ಅತಿಥಿಗಳೇ ಕುದುರೆಗೆಂದು ಔಷಧ ಹೊತ್ತು ತಂದಾರು ಎಂಬುದು ಕನಸಿನಲ್ಲೂ ಹೊಳೆದಿರಲಿಲ್ಲ.

ಕೆಂದಿಯಿಂದ ಧುಮುಕಿ ಹೋಗಿ ಬಾಟಲಿ ಕಿತ್ತುಕೊಂಡ. "ಯಾರ್ ಹೇಳುದ್ರು ನಿಮ್ಗೆ! ಹಾಕಂಗಿಲ್ಲ ಅಂತ ಒದರ್ಕೊಂಡಿಲ್ವಾ ನಾನು!"

"ಪಾಪ, ಅದರ ಕಣ್ಣಲ್ಲಿ ನೀರು ಬರ್ತಿದೆ ನೋಡಿ," ಅಂದಳು ಚೈತ್ರಾ. ಅವಳ ಕಣ್ಣಲ್ಲೂ ನೀರು ಬಂದಿತ್ತು. "ನೀವು ಹಾಕಲ್ಲ, ಬೇರೆಯವರಿಗೂ ಬಿಡಲ್ಲ. ಏನ್ ಮನುಷ್ಯರು ನೀವು?"

ಆಗಲಾದರೂ ಹೇಳಬಹುದಿತ್ತು. ಕೋಪದಲ್ಲಿ ಅವನು ಬಾಟಲಿಯನ್ನು ಜೇಬಿಗೆ ತುರುಕಿಕೊಂಡು ಕೆಂದಿಯ ಲಗಾಮು ಹಿಡಿದು ನಡೆದೇ ಹೊರಟ.

ಫಾರ್ಮಿಗೆ ವಾಪಸಾದ ಮೇಲೆ ಅತಿಥಿಗಳು ಮುದ್ದೆ ಊಟಕ್ಕೆ ಕೂತರು. ಕೆಂಪರಾಜು ದೇವರಾಜನನ್ನು ಲಾಯದ ಹಿಂದಕ್ಕೆ ಕರೆದು ಬಾಟಲಿ ತೋರಿಸಿದ. ದೇವರಾಜ ಅದನ್ನು ತಿರುಗಿಸಿ ಮುರುಗಿಸಿ ಓದಿದ.

"ಹೂವಿಂದ ತೆಗೆದಿದ್ದು ಅಂತ ಇದೆ ಕೆಂಪರಾಜಣ್ಣ. ಏನೂ ಆಗಲ್ಲ."

"ನೊಣ ಸಾಯ್ತವಾ ಇಲ್ವಾ?"

ದೇವರಾಜ ಬಾಟಲಿ ವಾಪಸು ಕೊಟ್ಟ.

"ನೊಣ ಸತ್ರೆ ಹುಳಾನೂ ಸಾಯ್ತವೆ ಸಾ. ಸಾಯಂಕಾಲ ಅದೇ ಸೊಪ್ಪು ಕೊಯ್ತಾರೆ. ನಾ ಹೋಗಿ ಹೇಳ್ಬುಟ್ಟು ಬತ್ತೀನಿ."

"ಹೇಳಿದ್ರೆ ಅವರು ಓಣಿ ಮುಚ್ಚಿಬಿಡ್ತಾರೆ!" ದೇವರಾಜನ ದನಿ ಏರಿತು, ಅತಿಥಿಗಳ ಕಡೆ ನೋಡಿ ಇಳಿಯಿತು. "ಆ ಓಣಿ ಇಲ್ದೆ ಇದ್ರೆ ನಮ್ಮ ರೈಡ್‌ನಲ್ಲಿ ಏನಿದೆ ಹೇಳಿ? ಡಾಂಬರು, ಲಾರಿ. ಡಿಸೆಂಬರ್ ಗುಂಪು ಬರುತ್ತಾ? ನಾಲ್ಕು ಹನಿ ಬಿದ್ದಿರಬಹುದು. ಏನಾದ್ರೂ ಆದ್ರೆ ಆಮೇಲೆ ನೋಡೋಣ. ನಾವೇ ಯಾಕೆ ಮೈಮೇಲೆ ಎಳ್ಕೊಬೇಕು?"

ಕೆಂಪರಾಜು ಲಾಯದ ಹಿಂದಿನ ಕಲ್ಲಿನ ಮೇಲೆ ಕೂತ. ಓಣಿಯ ಬಗ್ಗೆ ದೇವರಾಜ ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ಆ ಓಣಿ ದೇವರಾಜನಿಗೆ ಬೇಕಾಗಿದ್ದಕ್ಕಿಂತ ಹೆಚ್ಚಾಗಿ ಕೆಂಪರಾಜುವಿಗೆ ಬೇಕಾಗಿತ್ತು. ಮನೆ ಕಟ್ಟಲಿಲ್ಲ, ಜಮೀನು ಮಾಡಲಿಲ್ಲ, ಪಿಯುಸಿ ಪಾಸಾಗಲಿಲ್ಲ. ಈ ಜನ್ಮದಲ್ಲಿ ಕೆಂಪರಾಜು ಮಾಡಿದ ಒಂದು ಕೆಲಸವೆಂದರೆ ಆ ದಾರಿ. ಮಂಗೋಲಿಯಾ ನೋಡಿ ಬಂದವರೂ ಆ ಸೊಪ್ಪಿನ ನಡುವೆ ಹೋಗುವಾಗ ಮಾತು ನಿಲ್ಲಿಸುತ್ತಿದ್ದರು, ಅದನ್ನು ಅವನು ಹಿಂದೆ ತಿರುಗದೆಯೇ ಬೆನ್ನಲ್ಲಿ ಕೇಳಿಸಿಕೊಳ್ಳುತ್ತಿದ್ದ. ಹೋಗಿ ಹೇಳಿದರೆ ಅದನ್ನು ತಾನೇ ಕೈಯಾರೆ ಹಾಳು ಮಾಡಿದ ಹಾಗೆ. ಹೇಳದಿದ್ದರೆ ಯಾರಿಗೂ ಗೊತ್ತಾಗುವುದಿಲ್ಲ. ಹುಳು ಸತ್ತರೆ ರೋಗ ಬಂತೆಂದುಕೊಳ್ಳುತ್ತಾರೆ, ಹುಳುವಿನ ಮೊಟ್ಟೆ ಕೊಟ್ಟವರನ್ನು ಬೈಯುತ್ತಾರೆ, ಬೋರಲಿಂಗಯ್ಯನ ಪಕ್ಕದ ಟೊಮ್ಯಾಟೊ ಹೊಲದವರನ್ನು ಬೈಯುತ್ತಾರೆ. ಚೈತ್ರಾಳ ಮೇಲೆ ಸಿಟ್ಟು, ದೇವರಾಜನ ಮೇಲೆ ಸಿಟ್ಟು, ಎಲ್ಲಕ್ಕಿಂತ ಹೆಚ್ಚು ತನ್ನ ಎರಡು ಮಾತಿನ ಬಾಯಿಯ ಮೇಲೆ ಸಿಟ್ಟು.

ಮೂರು ಗಂಟೆಗೆ ಬೈಕು ಹತ್ತಿದ.

ಅವನು ಹೋಗುವಷ್ಟರಲ್ಲಿ ದೊಡ್ಡಲಕ್ಷ್ಮಮ್ಮನ ಸೊಸೆ ಲತಾಮಣಿ ಕುಡುಗೋಲು ಹಿಡಿದು ಓಣಿಯ ಬಾಯಲ್ಲಿ ನಿಂತಿದ್ದಳು. ಎರಡು ಕಂತೆ ಕೊಯ್ದಾಗಿತ್ತು.

"ಅದುನ್ನ ಹುಳಕ್ಕೆ ಹಾಕ್ಬ್ಯಾಡ ಕಣವ್ವ! ಕೆಳಗಾಕು!" ಎಂದು ಅವನು ಬೈಕು ನಿಲ್ಲಿಸುವ ಮುಂಚೆಯೇ ಕೂಗಿದ.

ಕೂಗು ಕೇಳಿ ದೊಡ್ಡಲಕ್ಷ್ಮಮ್ಮ ಹುಳುಮನೆಯಿಂದ ಹೊರಗೆ ಬಂದರು. ಕೆಂಪರಾಜು ನಡೆದದ್ದನ್ನೆಲ್ಲ ಹೇಳಿದ. ಏನನ್ನೂ ಮುಚ್ಚಿಡಲಿಲ್ಲ, ತನ್ನ ತಪ್ಪನ್ನೂ ಸೇರಿಸಿಯೇ ಹೇಳಿದ. ಅವರು ಬೈಯುತ್ತಾರೆ, ಮಣ್ಣು ತೂರುತ್ತಾರೆ ಎಂದುಕೊಂಡಿದ್ದ. ಅವರು ಕೇಳಿದ್ದು ಇಷ್ಟೇ. "ಯಾವ ಸಾಲಿಂದ ಯಾವ ಸಾಲ್ಗಂಟ?"

ಅವನು ನಡೆದು ತೋರಿಸಿದ. ಹೆಗಲ ಟವಲು ಹರಿದು ಎರಡು ತುದಿಗೆ ಗುರುತು ಕಟ್ಟಿದ. ಗಾಳಿಯ ದಿಕ್ಕು ನೋಡಿ ಇನ್ನೂ ಆರು ಸಾಲು ಸೇರಿಸಿದ. ಆಮೇಲೆ ಲತಾಮಣಿಯ ಕೈಯಿಂದ ಕುಡುಗೋಲು ಇಸಿದುಕೊಂಡು ಆ ಸಾಲುಗಳನ್ನೆಲ್ಲ ತಾನೇ ಕೊಯ್ದ. ದನವೂ ಮುಟ್ಟದ ಹಾಗೆ ಹಳೆಯ ಗೊಬ್ಬರದ ಗುಂಡಿಗೆ ಹಾಕಿ ಮಣ್ಣು ಎಳೆದ. ಎಂಥ ಸೊಪ್ಪು ಅದು, ಅಂಗೈ ಅಗಲ, ಹಾಲು ತುಂಬಿದ ಎಲೆ. ಅಂದಿನ ಮೇವಿಗೆ ಲತಾಮಣಿ ಇನ್ನೊಂದು ಬದಿಯ, ಇನ್ನೂ ಬಲಿಯದ ಸೊಪ್ಪು ಕೊಯ್ದಳು. ಕಡಿಮೆ ಬಿದ್ದದ್ದನ್ನು ಬೋರಲಿಂಗಯ್ಯ ತನ್ನ ತೋಟದಿಂದ ಕೊಟ್ಟ.

ಕೆಲಸ ಮುಗಿಸಿ ಅವನು ಕೈ ತೊಳೆಯುವಾಗ ದೊಡ್ಡಲಕ್ಷ್ಮಮ್ಮ ಚೊಂಬಿನಿಂದ ನೀರು ಹಾಕಿದರು.

"ನೀ ಬಂದು ಹೇಳ್ದೆ. ಹೇಳ್ದೆ ಇದ್ದಿದ್ರೆ ನಂಗೆ ಗೊತ್ತೂ ಆಯ್ತಿರ್ಲಿಲ್ಲ. ನಿನ್ಮೇಲೆ ಕ್ವಾಪ ಇಲ್ಲ ಕಣಪ್ಪ."

ಕೆಂಪರಾಜು ತಲೆಯೆತ್ತಿದ. ಒಂದು ಗಳಿಗೆ ಅವನಿಗೆ ಆಸೆ ಹುಟ್ಟಿತು.

"ಆದ್ರೆ ಕುದ್ರೆ ಬ್ಯಾಡ," ಅಂದರು ಅವರು. "ನೀ ನಿನ್ ಕೈ ಹಿಡ್ಕಬೌದು. ಬಂದೋರ್ ಕೈಯೆಲ್ಲ ಹಿಡ್ಕಳಕಾಯ್ತದಾ?"

ಮಾರನೆಯ ಬೆಳಿಗ್ಗೆ ಓಣಿಯ ಬಾಯಿಗೆ ಜಾಲಿಮುಳ್ಳು ಬಿದ್ದಿತ್ತು. ಹುಳು ಹಣ್ಣಾಗಿ ಗೂಡು ಕಟ್ಟಿದವು, ಒಂದೂ ಕೆಡಲಿಲ್ಲ, ಗೂಡು ರಾಮನಗರದ ಮಾರ್ಕೆಟ್ಟಿಗೆ ಹೋಯಿತು. ಆ ಸುದ್ದಿ ಕೇಳಿದ ದಿನ ಕೆಂಪರಾಜು ಮನೆಗೆ ಕಡ್ಲೆಪುರಿ ತಂದುಕೊಂಡು ಹೋದ. ಅಂಬುಜಮ್ಮ ಏನು ವಿಶೇಷ ಎಂದರೆ ಪೊಟ್ಟಣ ಬಿಚ್ಚಿ ಅವಳ ಮುಂದಿಟ್ಟ.

ದೇವರಾಜ ಹದಿನೈದು ದಿನ ಅವನ ಜೊತೆ ಮಾತು ಬಿಟ್ಟ. ಕೆಲಸದಿಂದ ತೆಗೆಯಲಿಲ್ಲ, ಕೆಂಪರಾಜು ಇಲ್ಲದೆ ಕೆಂದಿ ಹೊರಗೆ ಕಾಲಿಡುವುದಿಲ್ಲ. ಚೈತ್ರಾಳಿಗೆ ಫೋನಿನಲ್ಲಾದರೂ ವಿಷಯ ತಿಳಿಸಿ ಎಂದು ಕೆಂಪರಾಜು ಮೂರು ಸಲ ಕೇಳಿದ. ಅತಿಥಿಗೆ ಮುಜುಗರ ಯಾಕೆ ಎಂದು ದೇವರಾಜ ತಿಳಿಸಲೇ ಇಲ್ಲ. ಅವಳ ಬರಹ ಬಂದಾಗ ಮಾತ್ರ ಓಡಿ ಬಂದು, ಕನ್ನಡ ಮಾಡಿ ಓದಿ ಹೇಳಿದ. ಹನ್ನೊಂದು ದೇಶಗಳಲ್ಲಿ ಸವಾರಿ ಮಾಡಿದ್ದೇನೆ, ಹಿಪ್ಪುನೇರಳೆ ತೋಟದ ಆ ಅರ್ಧ ಗಂಟೆಯಂಥದ್ದು ಎಲ್ಲೂ ಸಿಕ್ಕಿಲ್ಲ, ಹೋದರೆ ಅದನ್ನು ತಪ್ಪಿಸಿಕೊಳ್ಳಬೇಡಿ. ಮುಂದಿನ ಸಾಲು, ಮಾರ್ಗದರ್ಶಿ ಕುದುರೆ ಬಲ್ಲವನು, ಆದರೆ ಮುಂಗೋಪಿ, ಪ್ರಾಣಿಗಳ ನೋವು ಅವನಿಗೆ ಕಾಣುವುದಿಲ್ಲ.

ಕೆಂಪರಾಜು ನಕ್ಕುಬಿಟ್ಟ. ಅಳುವುದಕ್ಕೆ ವಯಸ್ಸಾಗಿತ್ತು.

ಡಿಸೆಂಬರಿನಲ್ಲಿ ಹನ್ನೆರಡು ಮಂದಿ ಬಂದೇ ಬಂದರು. ಜೊತೆಗೆ ಕನ್ನಡ ಬಲ್ಲ ಒಬ್ಬ ಹುಡುಗಿ, ಮಾಗಡಿಯವಳು, ಸುಹಾನಾ ಎಂದು, ಅವರ ಮಾತು ಇವರಿಗೆ ಇವರ ಮಾತು ಅವರಿಗೆ ದಾಟಿಸಲು. ಎಲ್ಲರ ಬಾಯಲ್ಲೂ ಒಂದೇ, ಆ ತೋಟದ ದಾರಿ ಯಾವಾಗ ಬರುತ್ತದೆ. ಓಣಿಯ ಬಾಯಿ ಬಂದಾಗ ಕೆಂದಿ ತಾನಾಗಿ ಎಡಕ್ಕೆ ತಿರುಗಿತು. ಪ್ರತಿ ದಿನವೂ ತಿರುಗುತ್ತದೆ. ಪ್ರತಿ ದಿನವೂ ಅವನು ಲಗಾಮು ಹಿಡಿದು, "ಇಲ್ಲ ಕೆಂದಿ, ನಮ್ದಲ್ಲ, ಬಲಕ್ಕೆ," ಎಂದು ಹೇಳುತ್ತಾನೆ. ಮುಳ್ಳಿನ ಆಚೆ ದೊಡ್ಡಲಕ್ಷ್ಮಮ್ಮ ಕಂತೆ ಹೊತ್ತು ಹೋಗುತ್ತಿದ್ದವರು ನಿಂತು ನೋಡಿದರು.

ಸುಹಾನಾ ಕೇಳಿದಳು. "ಯಾಕೆ ಅಲ್ಲಿಗೆ ಹೋಗಲ್ಲ ಅಂತ ಇವರು ಕೇಳ್ತಿದಾರೆ ಅಣ್ಣಾ."

ಹೋಗಂಗಿಲ್ಲ ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ಕೆಂಪರಾಜು ಅದನ್ನು ನುಂಗಿ ಕುದುರೆಯಿಂದ ಇಳಿದ. ಲಾರಿಗಳು ಧೂಳೆಬ್ಬಿಸಿಕೊಂಡು ಹೋಗುತ್ತಿದ್ದ ಆ ಡಾಂಬರಿನ ಅಂಚಿನಲ್ಲಿ ಇಡೀ ಸಾಲನ್ನು ನಿಲ್ಲಿಸಿ, ಅದು ಯಾರ ಜಮೀನು ಎಂಬಲ್ಲಿಂದ ಶುರು ಮಾಡಿ, ಹುಳು, ಜ್ವರ, ಸೊಪ್ಪು, ಗಾಳಿ, ಬಾಟಲಿ, ಗುಂಡಿ ಎಲ್ಲವನ್ನೂ ಮೊದಲ ವರ್ಷ ಹೇಳುತ್ತಿದ್ದ ಹಾಗೆ ಪೂರ್ತಿ ಹೇಳಿದ. ಸುಹಾನಾ ಒಂದೂ ಬಿಡದೆ ದಾಟಿಸಿದಳು. ಯಾರೂ ಫೋಟೊ ತೆಗೆಯಲಿಲ್ಲ.

ಸಾಲಿನ ಕೊನೆಯಲ್ಲಿದ್ದ ಬಿಳಿಗಡ್ಡದ ಮುದುಕರೊಬ್ಬರು ಕುದುರೆಯಿಂದ ಇಳಿದು ಬಂದರು. ಚೀಲದೊಳಗೆ ಕೈಹಾಕಿ ಒಂದು ಬಾಟಲಿ ತೆಗೆದು ಸುಹಾನಾಳಿಗೆ ಏನೋ ಹೇಳಿದರು.

"ಇದೂ ಅದೇನಾ ಅಂತ ಕೇಳ್ತಿದಾರೆ," ಅಂದಳು ಅವಳು.

ಅದೇ ಆಗಿತ್ತು. ಅವರ ಹಿಂದೆ ಇನ್ನಿಬ್ಬರು ತಮ್ಮ ಚೀಲ ಬಿಚ್ಚುತ್ತಿದ್ದರು. ಕೆಂಪರಾಜು ಮೂರೂ ಬಾಟಲಿ ಇಸಿದುಕೊಂಡು ಜೀನಿನ ಚೀಲದಲ್ಲಿ ಹಾಕಿದ. ಮುಳ್ಳಿನ ಆಚೆ ನೋಡಿದ. ದೊಡ್ಡಲಕ್ಷ್ಮಮ್ಮ ಆಗಲೇ ಹೊರಟುಹೋಗಿದ್ದರು.